ಗಿಡ್ಡ ಸ್ಕೀಗಳ ಪರಂಪರೆ ಮತ್ತು ಆಕರ್ಷಣೆ

ಹಿಮಪ್ರದೇಶಗಳ ಜನರು ಪಾದಗಳಿಗೆ ಕಟ್ಟಿಕೊಂಡು ಜಾರುವ ನೀಳವಾದ ಹಲಗೆಯೇ ಸ್ಕೀ. ಅದರ ಪ್ರಾಚೀನತೆ ಸಾಮಾನ್ಯವಾದುದಲ್ಲ. 1924ರಲ್ಲಿ ಉತ್ತರ ಸ್ವೀಡನ್ನಿನ ಕಾಲ್ವ್‌ಟ್ರೆಸ್ಕ್ ಎಂಬಲ್ಲಿ ದೊರೆತ ಸ್ಕೀಗಳು ಐದು ಸಾವಿರ ವರ್ಷಗಳಿಗಿಂತ ಹಳೆಯವು. ಅವುಗಳ ಉದ್ದ ಸುಮಾರು 2 ಮೀಟರ್. ಉದ್ದವಾದುದೇ ನಿಜವಾದ ಸ್ಕೀ, ಗಿಡ್ಡವಾದುದು ಕಲಿಯುವವರ ಆಟಿಕೆ ಎಂಬ ಭಾವನೆ 20ನೆಯ ಶತಮಾನದ ಬಹುಭಾಗ ಪ್ರಬಲವಾಗಿತ್ತು. ಚರಿತ್ರೆಯ ಆಧಾರಗಳು ಈ ಭಾವನೆಯನ್ನು ಸಮರ್ಥಿಸುತ್ತವೆಯೇ ಎಂಬುದು ಇಲ್ಲಿ ವಿಚಾರಾರ್ಹ.

ಉತ್ತರ ಯುರೋಪಿನ ಅರಣ್ಯಪ್ರದೇಶಗಳಲ್ಲಿ ಒಂದೇ ಜೋಡಿಯ ಎರಡು ಸ್ಕೀಗಳು ಅಸಮವಾಗಿದ್ದುದುಂಟು. ಸಾಮಾನ್ಯವಾಗಿ ಎಡಗಾಲಿಗೆ ಜಾರಲು ಉದ್ದನೆಯದು, ಬಲಗಾಲಿಗೆ ಒದೆದು ಮುನ್ನಡೆಯಲು ಗಿಡ್ಡನೆಯದು. ಗಿಡ್ಡ ಸ್ಕೀಗೆ ‘ಆಂಡೋರ್’ ಎಂದು ಹೆಸರು. ಅದರ ತಳಕ್ಕೆ ಹೊದಿಸಿದ ತುಪ್ಪಳದ ಚರ್ಮವು ಹಿಂದಕ್ಕೆ ಜಾರದಂತೆ ಹಿಮವನ್ನು ಹಿಡಿಯುತ್ತಿತ್ತು. 18ನೆಯ ಶತಮಾನದ ನಾರ್ವೆಯ ಸ್ಕೀ ಸೈನಿಕರೂ ಇಂತಹ ಜೋಡಿಗಳನ್ನೇ ಬಳಸಿದರು. ಇಲ್ಲಿ ಗಿಡ್ಡತನವು ಕೊರತೆಯಲ್ಲ. ನಿಶ್ಚಿತ ಕಾರ್ಯಕ್ಕಾಗಿ ಉದ್ದೇಶಪೂರ್ವಕವಾಗಿ ಮಾಡಿದ ವಿಭಜನೆ.

ಉದ್ದದ ಪ್ರಶ್ನೆಯು ವಿವಾದದ ರೂಪವನ್ನು ತಾಳಿದುದು ಆಲ್ಪ್ಸ್ ಪರ್ವತಗಳಲ್ಲಿ. ನಾರ್ವೆಯ ಫ್ರಿಟ್ಯೋಫ್ ನಾನ್ಸೆನ್ 1888ರಲ್ಲಿ ಗ್ರೀನ್‌ಲ್ಯಾಂಡನ್ನು ಸ್ಕೀಗಳ ಮೇಲೆ ದಾಟಿ, ಆ ಯಾತ್ರೆಯ ವೃತ್ತಾಂತವನ್ನು ಪ್ರಕಟಿಸಿದನು. ಅದರಿಂದ ಪ್ರೇರಿತನಾದ ಮಥಿಯಾಸ್ ಜ್ದಾರ್ಸ್ಕಿ (1856–1940) ಆಸ್ಟ್ರಿಯದ ಲಿಲಿಯನ್‌ಫೆಲ್ಡ್‌ನಲ್ಲಿ ನಾರ್ವೆಯ ಸ್ಕೀಗಳನ್ನು ತರಿಸಿ ಅಭ್ಯಾಸ ಆರಂಭಿಸಿದನು. 3 ಮೀಟರಿಗೆ ಸಮೀಪದ ಆ ಹಲಗೆಗಳು ವಿಶಾಲವಾದ ಇಳಿಜಾರುಗಳಿಗೆ ಒಪ್ಪುವಂತಹವು. ಮರಗಳಿಂದ ಕೂಡಿದ ಕಡಿದಾದ ಗುಡ್ಡಗಳಲ್ಲಿ ಅವುಗಳನ್ನು ತಿರುಗಿಸುವುದು ದುಸ್ಸಾಧ್ಯ. ಜ್ದಾರ್ಸ್ಕಿ ಉದ್ದವನ್ನು ಹಂತಹಂತವಾಗಿ ಕಡಿಮೆ ಮಾಡಿ ಸುಮಾರು 180 ಸೆಂಟಿಮೀಟರಿಗೆ ಇಳಿಸಿದನು, ತಳದ ಗಾಡಿಯನ್ನೂ ಕೈಬಿಟ್ಟನು. ನಾರ್ವೆಯ ಪದ್ಧತಿಯ ಅನುಯಾಯಿಗಳು ಇದನ್ನು ತೀವ್ರವಾಗಿ ಆಕ್ಷೇಪಿಸಿದರು. ಆದರೆ 1905ರ ಮಾರ್ಚ್ 19ರಂದು ಮುಕೆನ್‌ಕೋಗೆಲ್ ಬೆಟ್ಟದಲ್ಲಿ ಅವನು ಏರ್ಪಡಿಸಿದ, 85 ದ್ವಾರಗಳ ನಡುವೆ ತಿರುಗುತ್ತ ಇಳಿಯುವ ಸ್ಪರ್ಧೆಯನ್ನು ಇಂದಿನ ಸ್ಲಾಲಮ್ ಸ್ಪರ್ಧೆಯ ಮೂಲವೆಂದು ಪರಿಗಣಿಸಲಾಗಿದೆ.

ಗಿಡ್ಡ ಸ್ಕೀ ಸುಲಭವಾಗಿ ತಿರುಗುವುದರ ಕಾರಣ ಭೌತಶಾಸ್ತ್ರದಲ್ಲಿದೆ. ಒಂದೇ ಅಗಲ, ಒಂದೇ ದಪ್ಪದ ಹಲಗೆಯ ಉದ್ದವನ್ನು ಅರ್ಧಕ್ಕೆ ಇಳಿಸಿದರೆ ತಿರುಗುವಿಕೆಗೆ ಅದು ಒಡ್ಡುವ ಜಡತ್ವವು ಎಂಟನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಆದರೆ ಅತಿವೇಗದಲ್ಲಿ ಅದಕ್ಕೆ ಸ್ಥಿರತೆ ಕಡಿಮೆ. ಮೆತ್ತನೆಯ ಹೊಸ ಹಿಮದಲ್ಲಿ ಹೂತುಹೋಗುವ ಸಂಭವ ಹೆಚ್ಚು. ಆದುದರಿಂದಲೇ ಅತ್ಯಂತ ಗಿಡ್ಡ ಸ್ಕೀಗಳು ಗಟ್ಟಿಯಾದ ಹಿಮವನ್ನು ಆಶ್ರಯಿಸಿದವು. ಆಸ್ಟ್ರಿಯದ ಟಿರೋಲ್ ಪ್ರಾಂತ್ಯದಲ್ಲಿ ‘ಫಿಗ್ಲ್’ ಎಂದು ಕರೆಯುವ ಸುಮಾರು 60 ಸೆಂಟಿಮೀಟರಿನ ಸ್ಕೀಗಳು ಇದಕ್ಕೆ ನಿದರ್ಶನ. ಸಾಮಾನ್ಯ ಪರ್ವತಾರೋಹಣದ ಬೂಟುಗಳಿಗೇ ಅವುಗಳನ್ನು ಕಟ್ಟಿಕೊಳ್ಳಬಹುದು. ಬೆನ್ನಚೀಲದಲ್ಲಿಟ್ಟು ಶಿಖರವನ್ನೇರಿ, ವಸಂತಕಾಲದ ಹೆಪ್ಪುಗಟ್ಟಿದ ಹಿಮದ ಮೇಲೆ ಕ್ಷಿಪ್ರವಾಗಿ ಇಳಿದುಬರಬಹುದು.

ಅಮೆರಿಕದಲ್ಲಿ ಈ ಪರಂಪರೆಯು ಬೋಧನಕ್ರಮವಾಗಿ ರೂಪುಗೊಂಡಿತು. ಎರಡನೆಯ ಮಹಾಯುದ್ಧದಲ್ಲಿ ಪರ್ವತ ಸೇನಾದಳದಲ್ಲಿದ್ದ ಕ್ಲಿಫ್ ಟೇಲರ್, ಹೊಸಬರು ಮೊದಲು ತೀರ ಗಿಡ್ಡ ಸ್ಕೀಗಳಲ್ಲಿ ತಿರುಗಲು ಕಲಿತು, ಅನಂತರ ಕ್ರಮವಾಗಿ ಉದ್ದವನ್ನು ಹೆಚ್ಚಿಸಿಕೊಳ್ಳಬೇಕೆಂದು ಪ್ರತಿಪಾದಿಸಿದನು. 1966ರಲ್ಲಿ ವರ್ಮಾಂಟ್ ರಾಜ್ಯದ ಕಿಲ್ಲಿಂಗ್‌ಟನ್ ಸ್ಕೀ ಶಾಲೆ ಈ ಕ್ರಮವನ್ನು ಸ್ವೀಕರಿಸಿತು. ಅದುವರೆಗೆ ಕಲಿಯುವವನು ಹಲಗೆಗೆ ಹೊಂದಿಕೊಳ್ಳಬೇಕಾಗಿತ್ತು. ಈಗ ಹಲಗೆಯೇ ಕಲಿಯುವವನಿಗೆ ಹೊಂದಿಕೊಂಡಿತು. ಆದರೂ ಗಿಡ್ಡ ಸ್ಕೀ ಇಲ್ಲಿ ಮೆಟ್ಟಿಲೇ ಹೊರತು ಗಮ್ಯವಲ್ಲ ಎಂಬುದನ್ನು ಗಮನಿಸಬೇಕು.

ಅದನ್ನು ಗಮ್ಯವಾಗಿಸಿದುದು 1990ರ ದಶಕ. ಕ್ನೈಸ್ಲ್ ಸಂಸ್ಥೆಯ ‘ಬಿಗ್‌ಫುಟ್’ ಸ್ಕೀಯ ತುದಿಯಲ್ಲಿ ಕಾಲ್ಬೆರಳುಗಳ ಆಕಾರವೇ ಇತ್ತು. ಗಿಡ್ಡತನವನ್ನು ಮರೆಮಾಚದೆ ಅದು ವಿನೋದದಿಂದ ಮೆರೆಯಿಸಿತು. ಬಳಿಕ ಬಂದ ಸಾಲೊಮನ್ ಸಂಸ್ಥೆಯ ‘ಸ್ನೋಬ್ಲೇಡ್’ ಬಹು ಜನಪ್ರಿಯವಾಯಿತು. 1998ರಿಂದ 2000ದವರೆಗೆ ಚಳಿಗಾಲದ ಎಕ್ಸ್ ಗೇಮ್ಸ್ ಕ್ರೀಡಾಕೂಟದಲ್ಲಿಯೂ ಇಂತಹ ಸ್ಕೀಗಳ ಸ್ಪರ್ಧೆಗಳು ನಡೆದವು. ಊರುಗೋಲುಗಳಿಲ್ಲದೆ ಹಿಂದುಮುಂದಾಗಿ ಜಾರುವ, ಗಾಳಿಯಲ್ಲಿ ಸುತ್ತುವ ಸ್ವಾತಂತ್ರ್ಯವು ಯುವಜನರನ್ನು ಸೆಳೆಯಿತು. ಇದರ ಬೆಲೆಯನ್ನೂ ಹೇಳಬೇಕು. ಇವುಗಳಲ್ಲಿ ಅನೇಕವು, ಬಿದ್ದಾಗ ಬೂಟು ತಾನಾಗಿ ಕಳಚಿಕೊಳ್ಳದ ಬಂಧಗಳನ್ನು ಹೊಂದಿದ್ದುದರಿಂದ ಮೊಣಕಾಲಿನ ಕೆಳಗಿನ ಮೂಳೆ ಮುರಿಯುವ ಅಪಾಯ ಅಧಿಕವಾಗಿತ್ತು.

ಈ ಅಲೆ ಬೇಗನೆ ಇಳಿಯಿತಾದರೂ ಗಿಡ್ಡತನದ ತತ್ತ್ವ ಉಳಿಯಿತು. ನಡು ಕಿರಿದಾಗಿ ತುದಿಗಳು ಅಗಲವಾದ ‘ಕಾರ್ವಿಂಗ್’ ಸ್ಕೀಗಳು ಬಂದ ಮೇಲೆ, 2 ಮೀಟರಿನಷ್ಟಿದ್ದ ಸ್ಲಾಲಮ್ ಸ್ಕೀಗಳೇ ಗಿಡ್ಡವಾಗತೊಡಗಿದವು. ಇಂದು ಅಂತರರಾಷ್ಟ್ರೀಯ ಸ್ಕೀ ಮತ್ತು ಸ್ನೋಬೋರ್ಡ್ ಒಕ್ಕೂಟವು ಉನ್ನತ ಮಟ್ಟದ ಸ್ಲಾಲಮ್ ಸ್ಪರ್ಧೆಗಳಿಗೆ ಪುರುಷರಿಗೆ 165, ಸ್ತ್ರೀಯರಿಗೆ 155 ಸೆಂಟಿಮೀಟರುಗಳ ಕನಿಷ್ಠ ಉದ್ದವನ್ನು ವಿಧಿಸಿದೆ. ಇದು ಕನಿಷ್ಠ ಮಿತಿ ಎಂಬುದು ಅರ್ಥಪೂರ್ಣ. ಜ್ದಾರ್ಸ್ಕಿಯ ಕಾಲದಲ್ಲಿ 180 ಸೆಂಟಿಮೀಟರಿನ ಹಲಗೆ ಆಕ್ಷೇಪಕ್ಕೆ ಗುರಿಯಾಯಿತು. ಇಂದು ಅದಕ್ಕಿಂತಲೂ ಗಿಡ್ಡ ಹಲಗೆಗಳತ್ತ ಸಾಗುವ ಶ್ರೇಷ್ಠ ಸ್ಪರ್ಧಿಗಳನ್ನು ತಡೆಯಲು ನಿಯಮವೇ ಬೇಕಾಗಿದೆ.