ಆಂಡ್ರ್ಯೂ ಮೆಲನ್

ಮೆಲನ್, ಆಂಡ್ರ್ಯೂ ವಿಲಿಯಂ: 1855-1937. ಅಮೆರಿಕದ ಬ್ಯಾಂಕರ್, ಉದ್ಯಮಿ. 1921ರಿಂದ 1932ರವರೆಗೆ ಆ ದೇಶದ ಖಜಾನೆ ಕಾರ್ಯದರ್ಶಿ. ಅಲ್ಲಿ ಕಾರ್ಯದರ್ಶಿ ಎಂದರೆ ನಮ್ಮ ಲೆಕ್ಕದಲ್ಲಿ ಮಂತ್ರಿ. ಆದರೆ ಚುನಾವಣೆಗೆ ನಿಲ್ಲಬೇಕಿಲ್ಲ. ಅಧ್ಯಕ್ಷ ಹೆಸರಿಸಿ ಸೆನೆಟ್ ಒಪ್ಪಿದರೆ ಸಾಕು. ಗಲ್ಲಾಪೆಟ್ಟಿಗೆಯ ಹಿಂದಿದ್ದವರು ನೇರವಾಗಿ ಸಂಪುಟದಲ್ಲಿ ಬಂದು ಕೂರುವುದು ಈ ಬಾಗಿಲಿನಿಂದಲೇ.

ಹುಟ್ಟಿದ್ದು ಪಿಟ್ಸ್‌ಬರ್ಗ್‌ನಲ್ಲಿ. ಐರ್ಲೆಂಡಿನಿಂದ ಬಾಲ್ಯದಲ್ಲೇ ವಲಸೆ ಬಂದಿದ್ದ ತಂದೆ ತಾಮಸ್ ಮೆಲನ್ ನ್ಯಾಯಾಧೀಶನಾಗಿದ್ದು, ಆಮೇಲೆ ಬ್ಯಾಂಕ್ ತೆರೆದ. 1882ರಲ್ಲಿ ಅದನ್ನು ಮಗನ ಕೈಗಿತ್ತ. ಮೆಲನ್ನನ ವಹಿವಾಟಿನ ಗುಟ್ಟು ಸರಳ: ಹೊಸ ಉದ್ಯಮಕ್ಕೆ ಸಾಲ ಕೊಡುವುದು, ಜೊತೆಗೆ ಪಾಲೂ ಪಡೆಯುವುದು. ಅಲ್ಯೂಮಿನಿಯಂ ತಯಾರಿಸಲು ಹೊರಟ ಸಣ್ಣ ಕಂಪನಿಯೊಂದರವರು 4,000 ಡಾಲರ್ ಸಾಲ ಕೇಳಿ ಬಂದಾಗ, ನಿಮಗೆ ಬೇಕಾದದ್ದು 25,000 ಎಂದು ಈತನೇ ಹೇಳಿದನಂತೆ. ಮುಂದೆ ಅಲ್ಕೋವಾ ಆದದ್ದು ಆ ಕಂಪನಿಯೇ. 1901ರಲ್ಲಿ ಟೆಕ್ಸಾಸಿನ ಸ್ಪಿಂಡಲ್‌ಟಾಪ್‌ನಲ್ಲಿ ಚಿಮ್ಮಿದ ಎಣ್ಣೆಗೆ ಮೆಲನ್ ಮನೆತನ ಹಣ ಹಾಕಿದ್ದರಿಂದ ಗಲ್ಫ್ ಆಯಿಲ್ ಬೆಳೆಯಿತು.

1921ರಲ್ಲಿ ಅಧ್ಯಕ್ಷ ಹಾರ್ಡಿಂಗ್ ಈತನನ್ನು ಖಜಾನೆಗೆ ಕರೆದ. ಖಜಾನೆಯ ಮುಖ್ಯಸ್ಥ ವ್ಯಾಪಾರ ನಡೆಸಬಾರದೆಂಬ 1789ರ ಕಾನೂನು ಅಡ್ಡವಿತ್ತು. ಮೆಲನ್ ನಿರ್ದೇಶಕ ಸ್ಥಾನಗಳನ್ನೆಲ್ಲ ಬಿಟ್ಟ; ಷೇರುಗಳನ್ನು ಬಿಡಲಿಲ್ಲ. ಮುಂದಿನ ತಕರಾರುಗಳ ಬೇರು ಇಲ್ಲಿದೆ.

ಮೊದಲ ಮಹಾಯುದ್ಧದ ಕಾಲದಲ್ಲಿ ಏರಿದ್ದ ಆದಾಯ ತೆರಿಗೆಯ ಗರಿಷ್ಠ ದರ ಶೇ. 73. ದರ ವಿಪರೀತವಾದರೆ ಧನಿಕರು ತೆರಿಗೆಯಿಲ್ಲದ ಬಾಂಡುಗಳಲ್ಲಿ ಹಣ ಅಡಗಿಸುತ್ತಾರೆ, ಇಳಿಸಿದರೆ ವಸೂಲಿ ಹೆಚ್ಚುತ್ತದೆ ಎಂಬುದು ಈತನ ವಾದ. ದಶಕದ ನಡುವಿಗೆ ಅದು ಶೇ. 25ಕ್ಕೆ ಇಳಿಯಿತು. ಸುಮಾರು 2,400 ಕೋಟಿ ಡಾಲರ್ ಇದ್ದ ರಾಷ್ಟ್ರೀಯ ಸಾಲ 1930ರ ವೇಳೆಗೆ 1,600 ಕೋಟಿಗೆ ಬಂತು. ತೆರಿಗೆ ಇಳಿಕೆಯ ದೊಡ್ಡ ಲಾಭ ಪಡೆದವರಲ್ಲಿ ಈತನೂ ಒಬ್ಬ ಎಂಬುದನ್ನು ವಿರೋಧಿಗಳು ಮರೆಯಲು ಬಿಡಲಿಲ್ಲ. ಆಗ ದೇಶದಲ್ಲಿದ್ದ ಪಾನನಿಷೇಧದ ಜಾರಿಯೂ ಇದೇ ಇಲಾಖೆಯದಾಗಿತ್ತು. ಓವರ್‌ಹೋಲ್ಟ್ ವಿಸ್ಕಿ ಭಟ್ಟಿಯಲ್ಲಿ ಪಾಲು ಹೊಂದಿದ್ದವನಿಗೆ ಆ ಹೊಣೆ! 1929ರಲ್ಲಿ ಡಾಲರ್ ನೋಟುಗಳು ಗಾತ್ರದಲ್ಲಿ ಸುಮಾರು ಮೂರನೇ ಒಂದು ಭಾಗ ಕುಗ್ಗಿದವು. ಆ ಹೊಸ ನೋಟಿನ ಕೆಳಗೆ ಬಲಗಡೆ ಈತನದೇ ರುಜು.

ಅದೇ ವರ್ಷ ಷೇರುಪೇಟೆ ಕುಸಿಯಿತು. ಕೊಳೆತದ್ದೆಲ್ಲ ತಾನಾಗಿ ಉದುರಲಿ ಎಂಬ ಧೋರಣೆ ಈತನದೆಂದು ಅಧ್ಯಕ್ಷ ಹೂವರ್ ಮುಂದೆ ಬರೆದುಕೊಂಡ. 1932ರ ಜನವರಿಯಲ್ಲಿ ಟೆಕ್ಸಾಸಿನ ಕಾಂಗ್ರೆಸ್ ಸದಸ್ಯ ರೈಟ್ ಪ್ಯಾಟ್ಮನ್ ಆ ಹಳೆಯ 1789ರ ಕಾನೂನನ್ನೇ ಹಿಡಿದು ಮಹಾಭಿಯೋಗಕ್ಕೆ ಮುಂದಾದ. ಮೆಲನ್ ರಾಜೀನಾಮೆಯಿತ್ತು ಬ್ರಿಟನ್ನಿಗೆ ರಾಯಭಾರಿಯಾಗಿ ಹೋದ.

ಅಧಿಕಾರದಲ್ಲಿದ್ದಾಗಲೇ, 1930-31ರಲ್ಲಿ, ಅಮೆರಿಕ ಇನ್ನೂ ಮಾನ್ಯತೆ ಕೊಟ್ಟಿರದ ಸೋವಿಯತ್ ಸರ್ಕಾರದಿಂದ ಹರ್ಮಿಟೇಜ್ ವಸ್ತುಸಂಗ್ರಹಾಲಯದ 21 ಚಿತ್ರಗಳನ್ನು ಈತ ಗುಟ್ಟಾಗಿ ಕೊಂಡಿದ್ದ. ರಫೇಲನ ಆಲ್ಬಾ ಮಡೋನಾ ಒಂದಕ್ಕೇ ಹನ್ನೊಂದು ಲಕ್ಷ ಡಾಲರಿಗೂ ಮಿಕ್ಕಿ ತೆತ್ತ. ಇಂಥ ಚಿತ್ರಗಳನ್ನು ತನ್ನದೇ ಟ್ರಸ್ಟಿಗೆ ಬರೆದುಕೊಟ್ಟು ತೆರಿಗೆ ವಿನಾಯಿತಿ ಪಡೆದದ್ದು ಅಧ್ಯಕ್ಷ ರೂಸ್ವೆಲ್ಟನ ಸರ್ಕಾರ ಹೂಡಿದ ತೆರಿಗೆ ಪ್ರಕರಣದಲ್ಲಿ ಮುಖ್ಯ ವಿಷಯವಾಯಿತು. ವಿಚಾರಣೆ ತೀರ್ಮಾನಕ್ಕೆ ಬರುವ ಮುನ್ನವೇ, 1936ರ ಡಿಸೆಂಬರಿನಲ್ಲಿ, ಸಂಗ್ರಹವನ್ನೂ ಅದಕ್ಕೊಂದು ಕಟ್ಟಡವನ್ನೂ ದೇಶಕ್ಕೆ ಕೊಡುವುದಾಗಿ ಮೆಲನ್ ರೂಸ್ವೆಲ್ಟನಿಗೇ ಪತ್ರ ಬರೆದ. 1937ರ ಆಗಸ್ಟ್ 26ರಂದು ತೀರಿಕೊಂಡ. ಕಟ್ಟಡದ ವಾಸ್ತುಶಿಲ್ಪಿ ಜಾನ್ ರಸೆಲ್ ಪೋಪ್ ಮರುದಿನವೇ ಸತ್ತ. ತೆರಿಗೆ ವಂಚನೆಯ ಆರೋಪ ಬಿದ್ದುಹೋದದ್ದು ಅದೇ ವರ್ಷದ ಡಿಸೆಂಬರಿನಲ್ಲಿ. ಹೀಗೆ ಹುಟ್ಟಿದ ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿ 1941ರಲ್ಲಿ ತೆರೆಯಿತು. ಅದಕ್ಕೆ ತನ್ನ ಹೆಸರಿಡಕೂಡದು ಎಂಬುದು ಮೆಲನ್ನನ ಷರತ್ತಾಗಿತ್ತು.