ಬಹುಮಾನದ ಅಳತೆಗೋಲು

'ಬಹುಮಾನ' ಎಂಬ ಶಬ್ದವನ್ನು ಬಿಡಿಸಿ ನೋಡಿದರೆ ಒಂದು ಸ್ವಾರಸ್ಯ ಹೊಳೆಯುತ್ತದೆ. 'ಮಾನ'ವೆಂದರೆ ಗೌರವವೂ ಹೌದು, ಅಳತೆಯೂ ಹೌದು. ಗೌರವವನ್ನು ಒಂದು ಸಂಜೆಯಲ್ಲಿ ಕೊಟ್ಟು ಮುಗಿಸಬಹುದು. ಅಳತೆ ಅಷ್ಟು ಬೇಗ ಮುಗಿಯುವಂಥದಲ್ಲ. ಚಲಚ್ಚಿತ್ರ ಬಹುಮಾನಗಳ ಚರಿತ್ರೆಯಲ್ಲಿ ಈ ಮಾತಿಗೆ ನಿದರ್ಶನವಾಗಿ, ಎಂಬತ್ತು ವರ್ಷಗಳಿಗೂ ಮೇಲ್ಪಟ್ಟು ಚರ್ಚೆಗೆ ಗುರಿಯಾಗಿರುವ ಪ್ರಸಂಗವೊಂದುಂಟು.

1942ನೆಯ ಇಸವಿ ಫೆಬ್ರವರಿ 26ರಂದು ಅಮೆರಿಕದ ಲಾಸ್ ಏಂಜಲಿಸ್ ನಗರದ ಬಿಲ್ಟ್‌ಮೋರ್ ಹೋಟೆಲಿನಲ್ಲಿ, ಹಿಂದಿನ ವರ್ಷದ ಚಿತ್ರಗಳಿಗೆ ಅಕಾಡೆಮಿ ಬಹುಮಾನಗಳನ್ನು, ಎಂದರೆ ಆಸ್ಕರ್‌ಗಳನ್ನು, ಹಂಚಲಾಯಿತು. ಶ್ರೇಷ್ಠ ಚಿತ್ರದ ಸ್ಪರ್ಧೆಯಲ್ಲಿ ಹತ್ತು ಚಿತ್ರಗಳಿದ್ದವು. ಅವುಗಳಲ್ಲಿ ಒಂದು 'ಸಿಟಿಜನ್ ಕೇನ್'. ಅದರ ನಿರ್ದೇಶಕ, ನಾಯಕ ನಟ, ನಿರ್ಮಾಪಕ ಎಲ್ಲವೂ ಆಗಿದ್ದ ಆರ್ಸನ್ ವೆಲ್ಸ್‌ಗೆ ಚಿತ್ರ ತಯಾರಾಗುವಾಗ ಇಪ್ಪತ್ತೈದು ವರ್ಷ. ಇವರು ರೇಡಿಯೋ ಮನೆಯಿಂದ ಬಂದವರೆಂಬುದು ನಮ್ಮ ಶ್ರೋತೃಗಳಿಗೆ ಪ್ರಿಯವಾಗುವ ಸಂಗತಿ. 1938ರಲ್ಲಿ ಮಂಗಳ ಗ್ರಹದವರು ಭೂಮಿಗೆ ದಾಳಿಯಿಟ್ಟರೆಂಬ ನಾಟಕವನ್ನು ವಾರ್ತೆಯ ಧಾಟಿಯಲ್ಲಿ ಪ್ರಸಾರಮಾಡಿ, ಕೇಳಿದವರಲ್ಲಿ ಕೆಲವರನ್ನು ನಿಜವಾಗಿಯೇ ಬೆಚ್ಚಿಬೀಳಿಸಿದವರು ಇವರೇ.

'ಕೇನ್' ಒಂಬತ್ತು ವಿಭಾಗಗಳಲ್ಲಿ ಪರಿಶೀಲನೆಗೆ ಆಯ್ಕೆಯಾಗಿತ್ತು. ದಕ್ಕಿದ್ದು ಒಂದೇ: ಹರ್ಮನ್ ಮ್ಯಾಂಕೀವಿಚ್ ಮತ್ತು ವೆಲ್ಸ್ ಕೂಡಿ ಬರೆದ ಚಿತ್ರಕಥೆಗೆ. ಶ್ರೇಷ್ಠ ಚಿತ್ರವೆಂಬ ಗೌರವ ಜಾನ್ ಫೋರ್ಡ್ ನಿರ್ದೇಶಿಸಿದ 'ಹೌ ಗ್ರೀನ್ ವಾಸ್ ಮೈ ವ್ಯಾಲಿ'ಗೆ ಹೋಯಿತು. ನಿರ್ದೇಶನದ್ದೂ ಸೇರಿ ಅದಕ್ಕೆ ಐದು ಬಹುಮಾನಗಳು.

ಇಲ್ಲಿ ವಾದಕ್ಕೆ ಎರಡು ಪಕ್ಷಗಳುಂಟು. ಮೊದಲು ಪೂರ್ವಪಕ್ಷವನ್ನು ಕೇಳೋಣ.

ಇದು ಅನ್ಯಾಯವೆಂಬುದು ಆ ಪಕ್ಷದ ವಾದ. ಸಾಯುವ ಗಳಿಗೆಯಲ್ಲಿ ಒಬ್ಬ ಪತ್ರಿಕಾ ಧನಿಕನು ಆಡಿದ ಒಂದು ಮಾತಿನ ಅರ್ಥವನ್ನು ಹುಡುಕುತ್ತ ವರದಿಗಾರನೊಬ್ಬನು ಅವನನ್ನು ಬಲ್ಲವರ ಬಳಿಗೆ ಹೋಗುವುದು 'ಕೇನ್' ಕಥೆ. ಒಬ್ಬೊಬ್ಬರ ಬಾಯಲ್ಲಿ ಒಬ್ಬೊಬ್ಬ ಕೇನ್! ಗ್ರೆಗ್ ಟೋಲಂಡ್‌ರ ಛಾಯಾಗ್ರಹಣದಲ್ಲಿ ಹತ್ತಿರದ ಮುಖವೂ ದೂರದ ಬಾಗಿಲೂ ಒಂದೇ ಸಮನೆ ನಿಚ್ಚಳ. ಆದರೆ ಕಥಾನಾಯಕನಲ್ಲಿ ವಿಲಿಯಂ ರಾಂಡಾಲ್ಫ್ ಹರ್ಸ್ಟ್ ಎಂಬ ಪ್ರಬಲ ಪತ್ರಿಕೋದ್ಯಮಿಯ ಛಾಯೆಯಿತ್ತು. ಆತನ ಪತ್ರಿಕೆಗಳು ಚಿತ್ರದ ಜಾಹಿರಾತನ್ನೂ ಮುಟ್ಟಲಿಲ್ಲ. ಚಿತ್ರಮಂದಿರಗಳು ಅಂಜಿದವು. ಎಂ.ಜಿ.ಎಂ. ಸಂಸ್ಥೆಯ ಮುಖ್ಯಸ್ಥ ಲೂಯಿ ಮೇಯರ್, ಸುಮಾರು 8 ಲಕ್ಷ ಡಾಲರ್ ತೆತ್ತು ಮೂಲ ಪ್ರತಿಯನ್ನೇ ಸುಡಿಸಲು ಮುಂದಾದರೆಂದು ಚರಿತ್ರಕಾರರು ಬರೆದಿದ್ದಾರೆ. ನಿರ್ಮಾಣ ಸಂಸ್ಥೆ ಆರ್.ಕೆ.ಓ. ಒಪ್ಪಲಿಲ್ಲ; ಚಿತ್ರ ಉಳಿಯಿತು. ಆದರೆ ಬಹುಮಾನದ ಸಂಜೆ ಅದರ ಹೆಸರು ಬಂದಾಗಲೆಲ್ಲ ಸಭೆಯಲ್ಲಿ ಮೂದಲಿಕೆಯ ಕೂಗು ಎದ್ದಿತೆಂಬ ಪ್ರತೀತಿಯಿದೆ.

ಉತ್ತರಪಕ್ಷವೂ ಬಲಹೀನವಲ್ಲ. ಗೆದ್ದ ಚಿತ್ರವನ್ನು ಈಗ ಹಲವರು 'ಕೇನನ್ನು ಸೋಲಿಸಿದ ಚಿತ್ರ'ವೆಂದಷ್ಟೇ ಬಲ್ಲರು. ಗೆಲುವೇ ಅದಕ್ಕೆ ಕಳಂಕವಾದುದು ಸೋಜಿಗ! ವೇಲ್ಸ್ ನಾಡಿನ ಕಲ್ಲಿದ್ದಲ ಕಣಿವೆಯ ಒಂದು ಸಂಸಾರ. ಕೂಲಿ ಇಳಿದು, ಮುಷ್ಕರ ನಡೆದು, ಗಂಡುಮಕ್ಕಳು ಒಬ್ಬೊಬ್ಬರಾಗಿ ಪರದೇಶ ಸೇರುತ್ತಾರೆ. ಗಣಿಯು ತಂದೆಯನ್ನೇ ನುಂಗುತ್ತದೆ. ಮನೆ ಬರಿದಾಗುವುದನ್ನು ಕಂಡವರಾರಿಗೂ ಇದು ಕಣ್ಣು ತೇವಗೊಳಿಸುವ ಕಥೆ. ಯುದ್ಧದ ದೆಸೆಯಿಂದ ವೇಲ್ಸ್‌ಗೆ ಹೋಗಲಾಗದೆ, ಆ ಹಳ್ಳಿಯನ್ನು ಕ್ಯಾಲಿಫೋರ್ನಿಯದ ಗುಡ್ಡಗಳ ನಡುವೆ ಕಟ್ಟಿದರು. ಸಮಾರಂಭಕ್ಕೆ ಮೂರು ತಿಂಗಳೊಳಗೆ, 1941ರ ಡಿಸೆಂಬರ್ 7ರಂದು, ಪರ್ಲ್ ಹಾರ್ಬರ್ ಮೇಲೆ ಬಾಂಬು ಬಿದ್ದಿತ್ತು. ಮಕ್ಕಳನ್ನು ರಣರಂಗಕ್ಕೆ ಕಳುಹಿಸುವ ದೇಶವು ಚದರುವ ಸಂಸಾರದ ಕಥೆಗೆ ಮನಸೋತರೆ ಅದನ್ನು ಬರಿಯ ಅಜ್ಞಾನವೆನ್ನಲಾದೀತೆ? ಇನ್ನೊಂದು ಸಂಗತಿ: ಆ ವರ್ಷ ನ್ಯೂಯಾರ್ಕಿನ ವಿಮರ್ಶಕರ ಕೂಟವು 'ಕೇನ್' ಶ್ರೇಷ್ಠ ಚಿತ್ರವೆಂದಿತು, ಆದರೆ ಶ್ರೇಷ್ಠ ನಿರ್ದೇಶಕರೆಂದು ಆರಿಸಿದ್ದು ಫೋರ್ಡರನ್ನೇ.

ಹಾಗಾದರೆ ಸಿದ್ಧಾಂತವೇನು? ಕಾಲವೇ ನಿಜವಾದ ಪರೀಕ್ಷಕನೆಂದು ಹೇಳಿ ಕೈತೊಳೆದುಕೊಳ್ಳಬಹುದು. ಆದರೆ ಕಾಲವೂ ಆಗಾಗ ತೀರ್ಪು ತಿದ್ದುತ್ತದೆ. ಇಂಗ್ಲೆಂಡಿನ 'ಸೈಟ್ ಅಂಡ್ ಸೌಂಡ್' ಪತ್ರಿಕೆ ಹತ್ತು ವರ್ಷಕ್ಕೊಮ್ಮೆ ವಿಮರ್ಶಕರ ಮತ ಕೇಳುತ್ತದೆ. 1952ರ ಮೊದಲ ಹತ್ತರಲ್ಲಿ 'ಕೇನ್' ಇರಲೇ ಇಲ್ಲ. 1962ರಿಂದ 2002ರ ಎಣಿಕೆಯವರೆಗೂ ಅದಕ್ಕೇ ಅಗ್ರಸ್ಥಾನ. 2012ರಲ್ಲಿ ಹಿಚ್‌ಕಾಕರ 'ವರ್ಟಿಗೊ' ಅದನ್ನು ಕೆಳಗಿಳಿಸಿತು. ಈ 'ವರ್ಟಿಗೊ'ಗೂ ತನ್ನ ಕಾಲದಲ್ಲಿ ಒಂದು ಆಸ್ಕರ್ ಸಹ ದೊರೆತಿರಲಿಲ್ಲ. 2022ರಲ್ಲಿ ಶಾಂತಾಲ್ ಆಕರ್ಮನ್‌ರ 'ಜಾನ್ ಡೀಲ್ಮನ್' ಮೊದಲಾಯಿತು, 'ಕೇನ್' ಮೂರನೆಯದಾಯಿತು.

ಆದುದರಿಂದ ತೀರ್ಪು ಬದಲಾಗುವುದು ದೋಷವಲ್ಲ. ಮನಮುಟ್ಟಿದ ಚಿತ್ರಕ್ಕೆ ಮತವಿತ್ತವನದೂ ತಪ್ಪಲ್ಲ. ಬಲಿಷ್ಠನೊಬ್ಬನ ಹುಬ್ಬುಗಂಟಿಗೆ ಹೆದರಿ ಮತವಿತ್ತವನು ಮಾತ್ರ ಅಳತೆಗೋಲನ್ನೇ ಮುರಿದಂತೆ. ಆ ಸಂಜೆಯ ಮತಗಳಲ್ಲಿ ಮೊದಲ ಬಗೆಯವೆಷ್ಟು, ಎರಡನೆಯ ಬಗೆಯವೆಷ್ಟು ಎಂಬುದನ್ನು ಮತಹಾಕಿದವರ ಮನಸ್ಸೇ ಬಲ್ಲುದು.

ಇದನ್ನು ಹೇಳಲು ನನಗೊಂದು ಕಾರಣವುಂಟು. ಹಲವು ವರ್ಷಗಳ ಹಿಂದೆ ಒಂದು ಶಾಲೆಯ ಭಾಷಣ ಸ್ಪರ್ಧೆಗೆ ನಾನು ತೀರ್ಪುಗಾರನಾಗಿದ್ದೆ. ಒಬ್ಬ ಹುಡುಗ ತನ್ನ ತಾಯಿಯ ವಿಷಯ ಮಾತನಾಡಿ ಸಭೆಯನ್ನೆಲ್ಲ ಕರಗಿಸಿದ. ಇನ್ನೊಬ್ಬನು, ಊರಿನ ಕೆರೆ ಒತ್ತುವರಿಯಾದದ್ದು ಹೇಗೆಂದು ನೇರವಾಗಿ ಪ್ರಶ್ನಿಸಿದ. ಮುಂದಿನ ಸಾಲಿನಲ್ಲಿ ಕುಳಿತಿದ್ದ ದೊಡ್ಡಮನುಷ್ಯರೊಬ್ಬರು ಹುಬ್ಬುಗಂಟಿಕ್ಕಿದರು. ನಾನು ಬೆಳ್ಳಿಯ ಲೋಟವನ್ನು ಮೊದಲನೆಯವನಿಗೆ ಕೊಡಿಸಿದೆ. ಅವನು ಯೋಗ್ಯನೇ, ಸಂದೇಹವಿಲ್ಲ. ಆದರೂ ನಾನು ಅಂಕ ಹಾಕಿದ್ದು ಅವನ ಮಾತನ್ನು ಕೇಳಿಯೋ, ಆ ಹುಬ್ಬುಗಂಟನ್ನು ನೋಡಿಯೋ? ಎರಡನೆಯ ಹುಡುಗ ನನ್ನನ್ನು ಏನೂ ಕೇಳದೆ ನಮಸ್ಕರಿಸಿ ಹೊರಟುಹೋದ. ಕೇಳಿದ್ದರೆ ಉತ್ತರ ಹೇಳಬಹುದಾಗಿತ್ತು.