ತೇಲುವ ಅಟ್ಟಕ್ಕೆ ಎಂಥ ಲಂಗರು?

1942ರ ಮೇ 30ರಂದು ಬ್ರಿಟನ್ನಿನ ಪ್ರಧಾನಿ ವಿನ್‌ಸ್ಟನ್ ಚರ್ಚಿಲ್ ಲಾರ್ಡ್ ಮೌಂಟ್‌ಬ್ಯಾಟನ್ನರಿಗೆ ಕೆಲವೇ ಸಾಲುಗಳ ಒಂದು ಟಿಪ್ಪಣಿ ಕಳಿಸಿದರು. ಶತ್ರುವಿನ ಕಡಲತೀರದಲ್ಲಿ ಸೈನ್ಯ ಇಳಿಸಲು ಬೇಕಾದ ತೇಲುಕಟ್ಟೆಗಳು ಭರತ ಇಳಿತಗಳ ಜೊತೆ ಏರಿಳಿಯಬೇಕು, ಲಂಗರಿನ ಸಮಸ್ಯೆಯನ್ನು ಗೆಲ್ಲಲೇಬೇಕು, ವಾದ ಮಾಡುತ್ತ ಕೂರಬೇಡಿ ಎಂಬುದು ಅದರ ತಾತ್ಪರ್ಯ. ನೌಕಾಪಡೆಗೆ ಲಂಗರು ಹೊಸದೇನಲ್ಲ. ಶತಮಾನಗಳಿಂದ ಕಬ್ಬಿಣದ ಲಂಗರುಗಳನ್ನು ಬಡಿದು ಮಾಡಿ, ಲೋಕವೆಲ್ಲ ಸುತ್ತಿ ಬಂದ ದೇಶ ಅದು. ಆದರೂ ಚರ್ಚಿಲ್ ಆ ಒಂದು ಮಾತನ್ನು ಬೇರೆಯಾಗಿ ಎತ್ತಿ ಹೇಳಿದ್ದು ಸುಮ್ಮನಲ್ಲ. ಹಡಗಿನ ಲಂಗರಿನ ಅನುಭವ ತೇಲುವ ಅಟ್ಟದ ಲಂಗರಿಗೆ ಸಾಲುವುದಿಲ್ಲ. ಬಿರುಗಾಳಿ ಎದ್ದರೆ ಹಡಗು ಲಂಗರೆತ್ತಿ ನಡುಗಡಲಿಗೆ ಓಡಬಹುದು, ಇಲ್ಲವೇ ಮೂತಿಯನ್ನು ಗಾಳಿಗೆ ತಿರುಗಿಸಿ ನಿಲ್ಲಬಹುದು. ಪೀಪಾಯಿಗಳ ಮೇಲೆ ಹಲಗೆ ಹಾಸಿದ ಪಾಂಟೂನಿಗೆ ಎರಡೂ ಸಾಧ್ಯವಿಲ್ಲ: ನೀರಿನಲ್ಲಿ ಆಳ ಇಳಿಯದ, ಗಾಳಿಗೆ ಅಗಲ ಮೈ ಒಡ್ಡುವ ವಸ್ತು ಅದು. ಹಾಗಾಗಿ ಲಂಗರಿನ ಶಕ್ತಿ ಅದರ ತೂಕದಲ್ಲಿಲ್ಲ, ಅದು ಕಚ್ಚುವ ನೆಲದಲ್ಲಿದೆ ಎಂಬ ಪಾಠವನ್ನು ಮನುಷ್ಯ ಹಡಗುಗಳಿಗಿಂತ ಹೆಚ್ಚಾಗಿ ಇಂಥ ತೇಲುವ ಅಟ್ಟಗಳಿಂದಲೇ ಕಲಿತ ಎಂಬುದು ನನ್ನ ವಾದ.

ಮೊದಲ ಸಾಕ್ಷಿ ಬಹಳ ಹಳೆಯದು. ಕ್ರಿ.ಪೂ. 480ರಲ್ಲಿ ಪರ್ಷಿಯಾದ ದೊರೆ ಕ್ಸೆರ್ಕ್ಸಿಸ್ ಗ್ರೀಸಿನ ಮೇಲೆ ದಂಡೆತ್ತಿ ಹೊರಟಾಗ ಹೆಲೆಸ್ಪಾಂಟ್ ಜಲಸಂಧಿಗೆ ಹಡಗುಗಳನ್ನೇ ಸಾಲಾಗಿ ನಿಲ್ಲಿಸಿ ಸೇತುವೆ ಕಟ್ಟಿಸಿದ. ಮೊದಲು ಕಟ್ಟಿದ್ದು ಬಿರುಗಾಳಿಗೆ ಚೂರಾಯಿತು. ದೊರೆ ಕಡಲಿಗೆ ಮುನ್ನೂರು ಚಾಟಿಯೇಟು ಹೊಡೆಸಿದ, ಕಟ್ಟಿಸಿದವರ ತಲೆ ತೆಗೆಸಿದ ಎಂದು ಹೆರೊಡೋಟಸ್ ಬರೆಯುತ್ತಾನೆ. ಈ ಚಾಟಿಯೇಟಿನ ಕತೆಯನ್ನೇ ಎಲ್ಲರೂ ನೆನಪಿಟ್ಟುಕೊಂಡರು. ಅದರ ಮುಂದಿನ ವಿವರವನ್ನು ಗಮನಿಸಿದವರು ಕಡಿಮೆ. ಎರಡನೆಯ ಸಲ ಬಂದವರು ಒಂದು ಸಾಲಿಗೆ 360, ಇನ್ನೊಂದಕ್ಕೆ 314 ಹಡಗುಗಳನ್ನು ಇಟ್ಟರು. ಕಪ್ಪುಸಮುದ್ರದ ಕಡೆಯಿಂದ ಬೀಸುವ ಗಾಳಿಗಾಗಿ ಒಂದು ಬದಿಗೆ, ಪಡುವಣ ಮತ್ತು ತೆಂಕಣ ಗಾಳಿಗಾಗಿ ಇನ್ನೊಂದು ಬದಿಗೆ ಭಾರಿ ಲಂಗರುಗಳನ್ನು ಬಿಟ್ಟರು. ಹೆರೊಡೋಟಸ್ ಕೊಡುವ ಲೆಕ್ಕಗಳನ್ನೆಲ್ಲ ಕಣ್ಣುಮುಚ್ಚಿ ನಂಬಬೇಕಿಲ್ಲ; ಅವನ ಸೈನ್ಯದ ಎಣಿಕೆಯನ್ನು ಇವತ್ತು ಯಾರೂ ಒಪ್ಪುವುದಿಲ್ಲ. ಆದರೆ ಎರಡು ದಿಕ್ಕಿನ ಲಂಗರು ಎಂಬುದು ಮನೆಯಲ್ಲಿ ಕೂತು ಕಲ್ಪಿಸಿ ಬರೆಯುವ ಮಾತಲ್ಲ, ಕೆಲಸ ಬಲ್ಲವರಿಂದ ಕೇಳಿ ಬರೆದ ಮಾತು. ತಿರುಗಲಾರದ ವಸ್ತುವನ್ನು ಒಂದೇ ಕಡೆಯಿಂದ ಹಿಡಿದರೆ ಸಾಲದು ಎಂಬ ತಿಳಿವಳಿಕೆ ಅದರಲ್ಲಿದೆ. ಅಷ್ಟಾಗಿಯೂ ಸೋತ ಸೈನ್ಯ ಹಿಂದಿರುಗಿ ಬರುವಷ್ಟರಲ್ಲಿ ಆ ಸೇತುವೆಯನ್ನೂ ಬಿರುಗಾಳಿ ಕಿತ್ತುಹಾಕಿತ್ತು. ದಿಕ್ಕು ಗೊತ್ತಾಗಿತ್ತು, ತೂಕ ಇತ್ತು. ಹಿಡಿತದ ಗುಟ್ಟು ಇನ್ನೂ ಪೂರ್ತಿ ಸಿಕ್ಕಿರಲಿಲ್ಲ.

ಹಳಬರಿಗೆ ತೂಕವೊಂದೇ ಗೊತ್ತಿತ್ತು ಎಂದರೆ ಅನ್ಯಾಯವಾದೀತು. ಗುಜರಾತ್, ಮಹಾರಾಷ್ಟ್ರ, ಗೋವಾ ಕರಾವಳಿಯ ನೀರಿನಡಿ ಸಿಕ್ಕಿರುವ, ಅರಬ್ ದೇಶಗಳ ತೀರದಲ್ಲೂ ಕಾಣುವ ಉದ್ದನೆಯ ಕಲ್ಲಿನ ಲಂಗರುಗಳನ್ನು ನೋಡಿ. ಮೇಲ್ತುದಿಯಲ್ಲಿ ಹಗ್ಗಕ್ಕೊಂದು ದುಂಡು ತೂತು, ಕೆಳಭಾಗದಲ್ಲಿ ಅಡ್ಡಡ್ಡ ಕೊರೆದ ಎರಡು ಚೌಕ ತೂತು. ಆ ಚೌಕ ತೂತುಗಳಲ್ಲಿ ತೂರಿಸುತ್ತಿದ್ದುದು ಮರದ ಗೂಟಗಳನ್ನು. ಕಲ್ಲು ಗೂಟವನ್ನು ನೆಲಕ್ಕೆ ಒತ್ತುತ್ತದೆ, ಗೂಟ ನೆಲವನ್ನು ಕಚ್ಚುತ್ತದೆ. ನಮ್ಮ ಪಡುವಣ ಕಡಲಿನ ನಾವಿಕರು ಕಲ್ಲಿನ ಭಾರವನ್ನಷ್ಟೇ ನಂಬಿದ್ದರೆ ಗಟ್ಟಿಕಲ್ಲಿಗೆ ಚೌಕ ತೂತು ಕೊರೆಯುವ ಕಷ್ಟ ಯಾಕೆ ಪಡುತ್ತಿದ್ದರು? ಲೆಕ್ಕವೂ ಅವರ ಪರವಾಗಿಯೇ ಇದೆ. ಕಲ್ಲು ನೀರಿನಲ್ಲಿ ಮುಳುಗಿದ ಕೂಡಲೇ ಸುಮಾರು ಐದರಲ್ಲಿ ಎರಡು ಪಾಲು ತೂಕ ಕಳೆದುಕೊಳ್ಳುತ್ತದೆ. ಕಾಂಕ್ರೀಟಿನ ಗತಿಯೂ ಅದೇ. ಕಬ್ಬಿಣ ಎಂಟರಲ್ಲಿ ಒಂದು ಪಾಲನ್ನಷ್ಟೇ ಕಳೆದುಕೊಳ್ಳುತ್ತದೆ. ಕೆರೆಯಲ್ಲಿ ದೋಣಿಗೆ ಸಿಮೆಂಟು ತುಂಬಿದ ಡಬ್ಬಿಯನ್ನು ಕಟ್ಟಿ ನಿಶ್ಚಿಂತರಾಗುವವರು ಈ ಸಣ್ಣ ಲೆಕ್ಕವನ್ನು ಮಾಡಿರುವುದಿಲ್ಲ.

ಹಾಗಿದ್ದರೆ ಹಡಗಿನವರು ತೂಕಕ್ಕೇ ಯಾಕೆ ಅಂಟಿಕೊಂಡರು? ಅವರ ಆಯ್ಕೆಯಲ್ಲಿ ಹಿಡಿತಕ್ಕಿಂತ ಅನುಕೂಲಕ್ಕೆ ಹೆಚ್ಚು ಬೆಲೆ ಇತ್ತು. 1852ರಲ್ಲಿ ಬ್ರಿಟಿಷ್ ನೌಕಾಡಳಿತ ಹಲವು ಲಂಗರುಗಳನ್ನು ಪರೀಕ್ಷೆಗೆ ಒಡ್ಡಿದಾಗ ಟ್ರಾಟ್‌ಮನ್ ಎಂಬವರ ಲಂಗರು ಮೇಲುಗೈ ಸಾಧಿಸಿತು. ನೌಕಾಪಡೆಯ ಹಳೆಯ ಮಾದರಿಯೇನೂ ಮೂಲೆ ಸೇರಲಿಲ್ಲ. ಮುಂದೆ ಅಡ್ಡತೊಲೆಯಿಲ್ಲದ ಲಂಗರು ಗೆದ್ದದ್ದು ಅದು ಹೆಚ್ಚು ಹಿಡಿಯುತ್ತದೆಂದಲ್ಲ, ಹಡಗಿನ ಮೂತಿಯ ಕೊಳವೆಯೊಳಕ್ಕೆ ಸಲೀಸಾಗಿ ಸೇರಿಕೊಳ್ಳುತ್ತದೆಂದು. ದೊಡ್ಡ ಹಡಗಿಗೆ ಟನ್ನುಗಟ್ಟಲೆ ಸರಪಳಿಯೂ ಅದನ್ನೆತ್ತಲು ಯಂತ್ರವೂ ಇರುವಾಗ ಅದು ಸರಿಯಾದ ನಿರ್ಧಾರವೇ. ತಪ್ಪಾಗುವುದು ಆ ಸರಪಳಿ, ಆ ಯಂತ್ರ ಎರಡೂ ಇಲ್ಲದವರು ಅದೇ ಆಕಾರವನ್ನು ಚಿಕ್ಕದು ಮಾಡಿ ಇಟ್ಟುಕೊಂಡಾಗ.

ಅಣಬೆ ಲಂಗರಿನ ಕತೆ ಇದಕ್ಕೆ ಒಳ್ಳೆಯ ಉದಾಹರಣೆ. 1807ರಲ್ಲಿ ಸ್ಕಾಟ್ಲೆಂಡಿನ ಬೆಲ್ ರಾಕ್ ಬಂಡೆಯ ಮೇಲೆ ದೀಪಸ್ತಂಭ ಕಟ್ಟಲು ಹೊರಟ ಎಂಜಿನಿಯರ್ ರಾಬರ್ಟ್ ಸ್ಟೀವನ್‌ಸನ್ (‘ಟ್ರೆಷರ್ ಐಲೆಂಡ್’ ಬರೆದ ಸ್ಟೀವನ್‌ಸನ್ನನ ಅಜ್ಜ) ಕೆಲಸ ಮುಗಿಯುವವರೆಗೆ ಅಲ್ಲಿ ಒಂದು ದೀಪದ ಹಡಗನ್ನು ನಿಲ್ಲಿಸಬೇಕಿತ್ತು. ‘ಫೇರೋಸ್’ ಎಂಬ ಆ ಹಡಗು ಓಡಿಹೋಗುವಂತಿಲ್ಲ, ನಿಂತಲ್ಲೇ ನಿಲ್ಲಬೇಕು; ಅಂದರೆ ಹೆಸರಿಗೆ ಹಡಗು, ಕೆಲಸದಲ್ಲಿ ತೇಲುವ ಅಟ್ಟ. ಅದಕ್ಕಾಗಿ ಆತ ಬೋರಲು ಬಿದ್ದ ಅಣಬೆಯಂಥ ಸುಮಾರು ಒಂದೂವರೆ ಟನ್ನಿನ ಲಂಗರು ಮಾಡಿಸಿದ. ಯಾವ ದಿಕ್ಕಿನಿಂದ ಎಳೆದರೂ ಹಿಡಿಯುವ ಆಕಾರ ಅದು. ಮೆತ್ತನೆಯ ಕೆಸರಿನಲ್ಲಿ ತಿಂಗಳುಗಟ್ಟಲೆ ಬಿದ್ದಿದ್ದರೆ ತಾನೇ ಹೂತುಕೊಂಡು ಬಲಿಯುತ್ತದೆ. ಇದೇ ಆಕಾರದ ಕೆಲವೇ ಕಿಲೋ ತೂಕದ ಲಂಗರನ್ನು ಇವತ್ತು ಪಾಂಟೂನ್ ದೋಣಿಗಳಿಗೆ ಮಾರುತ್ತಾರೆ. ಅಮೆರಿಕದ ಮಿನೆಸೋಟದಲ್ಲಿ ಆಂಬ್ರೋಸ್ ವೀರ್ಸ್ ಎಂಬಾತ 1950ರ ದಶಕದ ಆರಂಭದಲ್ಲಿ ಉಕ್ಕಿನ ಪೀಪಾಯಿಗಳ ಮೇಲೆ ಮರದ ಜಗಲಿ ಕೂರಿಸಿ ಕೆರೆಗೆ ಬಿಟ್ಟಂದಿನಿಂದ ಬೆಳೆದ ದೋಣಿ ಕುಲ ಇದು: ಹಗುರ, ಚಪ್ಪಟೆ, ಮೇಲೆ ಚಪ್ಪರ, ಸುತ್ತ ಕಟಕಟೆ. ಮಧ್ಯಾಹ್ನ ಮೀನು ಹಿಡಿಯಲು ಎರಡು ಗಂಟೆ ನಿಲ್ಲುವ ದೋಣಿಯ ಅಣಬೆಗೆ ಹೂತುಕೊಳ್ಳಲು ಸಮಯವೆಲ್ಲಿ? ಗಾಳಿ ಬಂದರೆ ಅದು ತಳದ ಮೇಲೆ ಜಾರುತ್ತದೆ. ಸ್ಟೀವನ್‌ಸನ್ನನ ಆಕಾರ ಉಳಿದುಕೊಂಡಿತು, ಅವನ ಕಾರಣ ಕಳೆದುಹೋಯಿತು.

ಕಾರಣಕ್ಕೆ ಮತ್ತೆ ಕೈಹಾಕಿದ್ದು ಒಬ್ಬ ಭೌತವಿಜ್ಞಾನಿ. ಕೇಂಬ್ರಿಜ್‌ನ ಜಿ. ಐ. ಟೇಲರ್ ದ್ರವಗಳ ಚಲನೆಯ ಅಧ್ಯಯನದಲ್ಲಿ ಇಪ್ಪತ್ತನೆಯ ಶತಮಾನದ ಅಗ್ರಗಣ್ಯರಲ್ಲೊಬ್ಬರು. ಹಾಯಿದೋಣಿಯ ಹುಚ್ಚೂ ಇದ್ದವರು. 1933ರಲ್ಲಿ ಅವರು ರೂಪಿಸಿದ ಸಿ.ಕ್ಯು.ಆರ್. ಲಂಗರು ನೇಗಿಲ ಗುಳದಂತೆ ನೆಲ ಸೀಳಿಕೊಂಡು ಒಳಗಿಳಿಯುತ್ತದೆ. ನೀರಿನ ಮೇಲಿಳಿಯುವ ವಿಮಾನಗಳಿಗೆ ಇದು ತಕ್ಕದ್ದಾಯಿತು. ಹಾರಬೇಕಾದ ಯಂತ್ರಕ್ಕೆ ಪ್ರತಿ ಕಿಲೋವೂ ಭಾರವೇ. ಅಮೆರಿಕದಲ್ಲಿ ರಿಚರ್ಡ್ ಡ್ಯಾನ್‌ಫರ್ತ್ ಮಾಡಿದ ಅಗಲ ಅಲಗಿನ ಹಗುರ ಲಂಗರು ಎರಡನೆಯ ಮಹಾಯುದ್ಧದಲ್ಲಿ ಸೈನಿಕರನ್ನಿಳಿಸುವ ಚಪ್ಪಟೆ ತಳದ ದೋಣಿಗಳನ್ನು ದಡದಿಂದ ಹಿಂದಕ್ಕೆ ಎಳೆದುಕೊಳ್ಳಲು ಬಳಕೆಯಾಯಿತು. ಎರಡೂ ಹುಟ್ಟಿ ಬೆಳೆದದ್ದು ದೊಡ್ಡ ಹಡಗಿನ ಅಗತ್ಯದಿಂದಲ್ಲ ಎಂಬುದನ್ನು ಗಮನಿಸಬೇಕು.

ಚರ್ಚಿಲ್ಲರ ಟಿಪ್ಪಣಿಗೆ ಕೊನೆಗೂ ಉತ್ತರ ಕೊಟ್ಟವರಲ್ಲಿ ಮುಖ್ಯರು ಅಲನ್ ಬೆಕೆಟ್ ಎಂಬ ಸೇನಾ ಎಂಜಿನಿಯರ್. ಅವರು ವಿನ್ಯಾಸ ಮಾಡಿದ್ದು ಅಲೆಗೆ ತಕ್ಕಂತೆ ಮೈ ತಿರುಚಿಕೊಳ್ಳುವ, ಪಾಂಟೂನುಗಳ ಮೇಲೆ ನಿಂತ ತೇಲುರಸ್ತೆ. ಸ್ಕಾಟ್ಲೆಂಡಿನ ಗಾರ್ಲೀಸ್ಟನ್ ಬಳಿ ಮೂರು ಮಾದರಿಗಳನ್ನು ಪರೀಕ್ಷಿಸುವಾಗ ಬಂದ ಬಿರುಗಾಳಿಯಲ್ಲಿ ಉಳಿದದ್ದು ಇದೊಂದೇ. ಅದನ್ನು ಹಿಡಿದು ನಿಲ್ಲಿಸಲು ಬೆಕೆಟ್ ‘ಕೈಟ್’ ಎಂಬ ಲಂಗರನ್ನೂ ರೂಪಿಸಿದರು. ಎಳೆದಷ್ಟೂ ಅದು ನೆಲದೊಳಕ್ಕೆ ಇಳಿಯುತ್ತಿತ್ತು. ಅದರ ಹಿಡಿತದ ಬಗ್ಗೆ ಅವರು ಹೇಳಿದ್ದನ್ನು ನೌಕಾಪಡೆ ನಂಬಲಿಲ್ಲ. ತನ್ನ ಪಾಲಿನ ತೇಲುವ ಅಲೆತಡೆಗಳಾದ ‘ಬಂಬಾರ್ಡನ್’ಗಳಿಗೆ ಅದನ್ನು ಬಳಸಲಿಲ್ಲ. 1944ರ ಜೂನ್ 19ರಿಂದ 22ರವರೆಗೆ, ಸೈನ್ಯ ಇಳಿದ ಫ್ರಾನ್ಸಿನ ನಾರ್ಮಂಡಿ ತೀರದಲ್ಲಿ ಬೀಸಿದ ಬಿರುಗಾಳಿಗೆ ಬಂಬಾರ್ಡನ್‌ಗಳು ಕಿತ್ತುಕೊಂಡು ತೇಲಿಹೋದವು, ಓಮಾಹಾ ತೀರದ ಅಮೆರಿಕನ್ನರ ಕೃತಕ ಬಂದರು ಹಾಳಾಯಿತು. ಆರೊಮಾಂಶ್‌ನ ಬ್ರಿಟಿಷ್ ಬಂದರು ಪೆಟ್ಟು ತಿಂದರೂ ಕೆಲಸಕ್ಕೆ ಉಳಿಯಿತು.

ಇಲ್ಲೊಂದು ಆಕ್ಷೇಪ ನ್ಯಾಯವಾದದ್ದು. ಆರೊಮಾಂಶ್‌ಗೆ ಕ್ಯಾಲ್ವಡೋಸ್ ಬಂಡೆಗಳ ಮರೆಯಿತ್ತು, ಓಮಾಹಾ ಗಾಳಿಗೆ ಹೆಚ್ಚು ತೆರೆದಿತ್ತು; ಬಂಬಾರ್ಡನ್‌ಗಳನ್ನು ಅಷ್ಟು ದೊಡ್ಡ ಅಲೆಗೆಂದು ಮಾಡಿಯೇ ಇರಲಿಲ್ಲ. ಹಾಗಿರುವಾಗ ಎಲ್ಲ ಕೀರ್ತಿಯನ್ನೂ ಲಂಗರಿಗೆ ಕೊಡುವುದು ಸರಿಯೇ? ಎಲ್ಲವನ್ನೂ ಕೊಡಬೇಕಿಲ್ಲ. ಆದರೆ ಬಂಡೆಯ ಮರೆ, ಅಲೆಯ ಎತ್ತರ ಯಾವುದರ ಮೇಲೂ ನಿಲ್ಲದ ಒಂದು ಸಾಕ್ಷಿ ಇದೆ: ಯುದ್ಧ ಮುಗಿದ ಮೇಲೆ ಕೈಟ್ ಲಂಗರುಗಳನ್ನು ಕಿತ್ತು ತೆಗೆಯಲು ಹೋದರೆ ಮೇಲೆ ಬಂದದ್ದು ಕೆಲವು ಮಾತ್ರ. ಅಂಥ ಲಂಗರಿನ ಪ್ರತಿಕೃತಿಯೊಂದು ಈಗ ಆರೊಮಾಂಶ್‌ನಲ್ಲಿ ಬೆಕೆಟ್ಟರ ಸ್ಮಾರಕದ ಭಾಗವಾಗಿದೆ.

ಇನ್ನೊಂದು ಆಕ್ಷೇಪ ಎಂಜಿನಿಯರುಗಳಿಂದಲೇ ಬರುತ್ತದೆ: ಇಂದಿಗೂ ಬರಿಯ ಭಾರದ ಲಂಗರುಗಳನ್ನು ಬಳಸುತ್ತಾರಲ್ಲ? ಹೌದು, ಬಳಸುತ್ತಾರೆ. ಅಮೆರಿಕದ ಸಿಯಾಟಲ್ ಬಳಿಯ ವಾಷಿಂಗ್‌ಟನ್ ಸರೋವರದಲ್ಲಿ 1940ರಿಂದ ಕಾಂಕ್ರೀಟ್ ಪಾಂಟೂನುಗಳ ಸೇತುವೆಗಳಿವೆ. 2016ರಲ್ಲಿ ಅಲ್ಲಿ ತೆರೆದ ಹೊಸ ತೇಲುಸೇತುವೆಯಲ್ಲಿ ಆಳದ ಮೆತ್ತನೆಯ ಹೂಳಿಗೆ ಅಲಗಿನ ಲಂಗರು, ದಡದ ಹತ್ತಿರದ ಗಟ್ಟಿ ಇಳಿಜಾರಿಗೆ ಭಾರದ ಲಂಗರು ಹಾಕಿದ್ದಾರೆ. ಒಂದೇ ಸೇತುವೆ, ಒಂದೇ ಗಾಳಿ. ಬೇರೆಯಾದದ್ದು ತಳ ಮಾತ್ರ. ಅಲಗು ಇಳಿಯದ ನೆಲದಲ್ಲಿ ಭಾರವೇ ಗತಿ. ಆದ್ದರಿಂದ ಇದು ನನ್ನ ವಾದವನ್ನು ಮುರಿಯುವುದಿಲ್ಲ, ಎತ್ತಿಹಿಡಿಯುತ್ತದೆ.

ಪಾಂಟೂನ್ ದೋಣಿ ಕೊಳ್ಳುವವರು ಅಂಗಡಿಯಲ್ಲಿ ಲಂಗರಿನ ಕಿಲೋ ಎಷ್ಟೆಂದು ಕೇಳುವ ಮೊದಲು ತಮ್ಮ ನೀರಿನ ತಳ ಯಾವುದೆಂದು ತಿಳಿದುಕೊಳ್ಳಲಿ. ಮರಳು, ಗಟ್ಟಿ ಮಣ್ಣಿಗೆ ಅಗಲ ಅಲಗಿನದು ಒಳ್ಳೆಯದು. ಬಂಡೆಯ ಸಂದಿಗೆ ಕೊಕ್ಕೆಯದು. ಅಣಬೆ ಬೇಕಾದರೆ ಕೆಸರಿನಲ್ಲಿ ವರ್ಷಪೂರ್ತಿ ಕಟ್ಟಿಡುವ ತಾಣಕ್ಕಿರಲಿ. ಎಳೆತ ನೆಲಕ್ಕೆ ಸಮವಾಗಿ ಬೀಳುವಂತೆ ಹಗ್ಗವನ್ನು ಆಳದ ಐದರಿಂದ ಏಳು ಪಟ್ಟು ಬಿಡಬೇಕು, ಲಂಗರಿನ ಬುಡಕ್ಕೆ ಒಂದಷ್ಟು ಸರಪಳಿ ಸೇರಿಸಬೇಕು. ದೋಣಿ ಒಂದೇ ಮೂತಿಗೆ ನಿಲ್ಲಬೇಕೆಂದಿದ್ದರೆ ಇನ್ನೊಂದು ತುದಿಗೂ ಒಂದು ಲಂಗರು ಕೊಳ್ಳಿ.